ಜಾಮೀನು ಹಾಕಿದವರು ಯಾರು?

(ನಮ್ಮ ತಾಲ್ಲೂಕಿನ ವಾಚನಾಲಯದಲ್ಲಿ ಒಂದು ಭಾನುವಾರ ಮಾತಾಡಿದ್ದನ್ನು ಆಮೇಲೆ ಕೂತು ಬರೆದದ್ದು. ದಾರಿ ತಪ್ಪಿದ ಕೆಲವು ಮಾತುಗಳನ್ನು ಬಿಟ್ಟಿದ್ದೇನೆ. ಕೊನೆಯ ಭಾಗ ಆವತ್ತು ಹೇಳಿದ್ದಲ್ಲ, ಆಮೇಲೆ ಸೇರಿದ್ದು.)

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರದ ಮೇಷ್ಟ್ರಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದೆ, ಹೆಚ್ಚಿನ ಕಾಲ ಹಳ್ಳಿ ಶಾಖೆಗಳಲ್ಲಿ. ‘ಆರ್ಥಿಕ ಬಿಕ್ಕಟ್ಟಿಗೆ ಹೊಣೆ ಯಾರು’ ಅಂತ ನೀವು ವಿಷಯ ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಒಂದು ಟ್ರ್ಯಾಕ್ಟರ್.

ನಾನು ಕೊಟ್ಟ ಸಾಲ ಅದು. ಎರಡು ವರ್ಷ ಮಳೆ ಕೈಕೊಟ್ಟಿತು. ರೈತನಿಗೆ ಕಂತು ಕಟ್ಟಲು ಆಗಲಿಲ್ಲ. ಸಾಲ ಎನ್‌ಪಿಎ ಆಯಿತು, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರಿತು. ಬ್ಯಾಂಕಿನಲ್ಲಿ ಸಾಲ ಕೆಟ್ಟರೆ ‘ಸ್ಟಾಫ್ ಅಕೌಂಟೆಬಿಲಿಟಿ’ ಅಂತ ಒಂದು ವಿಚಾರಣೆ ಇರುತ್ತದೆ. ಸಾಲ ಮಂಜೂರು ಮಾಡಿದವನು ಯಾರು? ಹೊಲಕ್ಕೆ ಹೋಗಿ ನೋಡಿದ್ದನಾ? ಪಹಣಿ ಸರಿಯಾಗಿ ಓದಿದ್ದನಾ? ನಾನು ಆ ಊರು ಬಿಟ್ಟು ಮೂರು ವರ್ಷ ಆಗಿತ್ತು. ಆದರೂ ಪತ್ರ ನನ್ನನ್ನು ಹುಡುಕಿಕೊಂಡು ಬಂತು. ಕಡತದಲ್ಲಿದ್ದ ಇನ್‌ಸ್ಪೆಕ್ಷನ್ ವರದಿಗೆ ತಾರೀಖು ಇರಲಿಲ್ಲ. ತಾರೀಖು ಹಾಕದವನು ನಾನೇ. ವಿವರಣೆ ಬರೆದುಕೊಟ್ಟೆ. ಎಚ್ಚರಿಕೆ ಪತ್ರ ಬಂತು. ಅಲ್ಲಿಗೆ ಮುಗಿಯಿತು.

ಅದರ ಬಗ್ಗೆ ನನಗೆ ಬೇಜಾರಿಲ್ಲ. ನಾಲ್ಕು ಲಕ್ಷದ ಸಾಲಕ್ಕೆ ಹೊಣೆ ಯಾರದು ಅಂತ ಒಂದೇ ಹಾಳೆಯಲ್ಲಿ ಹೆಸರು, ಹುದ್ದೆ ಸಮೇತ ಬರೆಯಬಹುದು ಅಂತ ಆವತ್ತು ಕಲಿತೆ. ಅದಕ್ಕೇ, ಲಕ್ಷಾಂತರ ಕೋಟಿ ಮುಳುಗಿಸಿದವರು ‘ಇದು ಇಡೀ ವ್ಯವಸ್ಥೆಯ ಸೋಲು, ಯಾರೊಬ್ಬರನ್ನೂ ದೂರುವ ಹಾಗಿಲ್ಲ’ ಅಂದಾಗ ನನಗೆ ನಗು ಬರುತ್ತದೆ.

2008ಕ್ಕೆ ಹೋಗೋಣ. ಇಲ್ಲಿರುವ ಹುಡುಗರಲ್ಲಿ ಕೆಲವರು ಆಗ ಹುಟ್ಟಿರಲೂ ಇಲ್ಲ. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಅನ್ನುವ ಅಮೆರಿಕದ ಬ್ಯಾಂಕು ದಿವಾಳಿ ಅಂತ ಅರ್ಜಿ ಹಾಕಿತು. 158 ವರ್ಷದ ಸಂಸ್ಥೆ. ಲೆಕ್ಕದ ಪುಸ್ತಕದಲ್ಲಿ ಅದರ ಆಸ್ತಿ ಸುಮಾರು 63,900 ಕೋಟಿ ಡಾಲರ್. ಮಾರನೆಯ ದಿನವೇ ಎಐಜಿ ಅನ್ನುವ ವಿಮಾ ಕಂಪನಿಗೆ ಸರ್ಕಾರದ ಕಡೆಯಿಂದ 8,500 ಕೋಟಿ ಡಾಲರ್ ಸಾಲ ಸಿಕ್ಕಿತು. ಅಕ್ಟೋಬರ್ 3ಕ್ಕೆ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರಿನ ಕಾನೂನಿಗೆ ಸಹಿ ಬಿತ್ತು. ಆ ಬಿಸಿ ಇಲ್ಲಿಗೂ ತಟ್ಟಿತು. ಬೆಂಗಳೂರಿನಲ್ಲಿ ಕ್ಯಾಂಪಸ್ ಸೆಲೆಕ್ಷನ್ ಆಗಿದ್ದ ನನ್ನ ಅಕ್ಕನ ಮಗನಿಗೆ ಜಾಯಿನಿಂಗ್ ಲೆಟರೇ ಬರಲಿಲ್ಲ. ಎಂಟು ತಿಂಗಳು ಮನೆಯಲ್ಲಿ ಕೂತಿದ್ದ. ಅಮೆರಿಕದಲ್ಲಿ ಯಾರೋ ಮನೆ ಸಾಲ ಕಟ್ಟದಿದ್ದರೆ ಇವನಿಗೆ ಯಾಕೆ ಕೆಲಸ ಇಲ್ಲ ಅಂತ ನಮ್ಮಕ್ಕ ಕೇಳುತ್ತಿದ್ದಳು. ಒಳ್ಳೆಯ ಪ್ರಶ್ನೆ.

ಉತ್ತರಕ್ಕೆ ಒಂದೇ ಒಂದು ಸಾಲದ ಬೆನ್ನು ಹತ್ತಿ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಸ್ಟಾಕ್‌ಟನ್ ಅಂತ ಒಂದು ಊರಿದೆ. ಮನೆ ಜಪ್ತಿ ಎಷ್ಟು ಜೋರಾಗಿ ನಡೆಯಿತು ಅಂದರೆ 2012ರಲ್ಲಿ ಆ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಅಂಥ ಊರಿನಲ್ಲಿ ಒಬ್ಬ ಹೆಂಗಸು ಇದ್ದಾಳೆ ಅಂದುಕೊಳ್ಳಿ. ಮನೆ ಕೊಳ್ಳುವ ಯೋಚನೆ ಅವಳಿಗಿಲ್ಲ. ಬ್ರೋಕರ್ ತಾನೇ ಬಂದು ಬಾಗಿಲು ತಟ್ಟುತ್ತಾನೆ. ಮೊದಲ ಎರಡು ವರ್ಷ ಕಂತು ಕಡಿಮೆ. ಮೂರನೆಯ ವರ್ಷದಿಂದ ಬಡ್ಡಿ ಏರುತ್ತದೆ. ‘ಅಷ್ಟರಲ್ಲಿ ಮನೆ ಬೆಲೆ ಏರಿರುತ್ತದೆ, ಹೊಸ ಸಾಲ ತೆಗೆದು ಹಳೆಯದು ತೀರಿಸಿ’ ಅನ್ನುತ್ತಾನೆ. ಆದಾಯದ ಪುರಾವೆ ಬೇಡ, ಬಾಯಲ್ಲಿ ಹೇಳಿದರೆ ಸಾಕು. ಎಷ್ಟೋ ಕಡೆ ಬಾಯಲ್ಲೂ ಹೇಳಬೇಕಿರಲಿಲ್ಲ. ಆ ಖಾನೆಯನ್ನು ಬ್ರೋಕರೇ ತುಂಬುತ್ತಿದ್ದ. ಆ ವ್ಯಾಪಾರದಲ್ಲಿದ್ದವರೇ ಇದಕ್ಕೆ ‘ಸುಳ್ಳಿನ ಸಾಲ’ ಅಂತ ಹೆಸರಿಟ್ಟಿದ್ದರು. ಜಾಸ್ತಿ ಬಡ್ಡಿಯ ಸಾಲ ಹಚ್ಚಿದರೆ ಬ್ರೋಕರಿಗೆ ಜಾಸ್ತಿ ಕಮಿಷನ್.

ಅವನು ಕಮಿಷನ್ ತೆಗೆದುಕೊಂಡು ಹೋದ. ಸಾಲ ಕೊಟ್ಟ ಕಂಪನಿ ಆ ಪತ್ರವನ್ನು ವಾಲ್‌ಸ್ಟ್ರೀಟಿನ, ಅಂದರೆ ನ್ಯೂಯಾರ್ಕಿನ ಹಣಕಾಸು ಕೇರಿಯ, ಬ್ಯಾಂಕಿಗೆ ಮಾರಿತು. ಆ ಬ್ಯಾಂಕು ಸಾವಿರಾರು ಸಾಲ ಪತ್ರಗಳನ್ನು ಒಟ್ಟು ಹಾಕಿ, ಕಲಸಿ, ತುಂಡು ಮಾಡಿ ಬಾಂಡ್ ಅಂತ ಮಾರಿತು. ಒಳ್ಳೆಯ ಅಕ್ಕಿಗೆ ನುಚ್ಚು ಬೆರೆಸಿ ಹೊಸ ಚೀಲಕ್ಕೆ ತುಂಬಿದ ಹಾಗೆ. ಚೀಲದ ಮೇಲೆ ‘ಉತ್ತಮ ದರ್ಜೆ’ ಅಂತ ಮುದ್ರೆ ಬೇಕಲ್ಲ? ಅದಕ್ಕೆ ರೇಟಿಂಗ್ ಕಂಪನಿಗಳಿದ್ದವು. ಮುದ್ರೆ ಒತ್ತುವವರಿಗೆ ದುಡ್ಡು ಕೊಡುವವನು ಚೀಲ ಮಾರುವವನೇ. ಮೂಡೀಸ್ ಅನ್ನುವ ಕಂಪನಿ 2006ರಲ್ಲಿ ಪ್ರತಿ ಕೆಲಸದ ದಿನ ಇಂಥ ಮೂವತ್ತು ಬಾಂಡುಗಳಿಗೆ ‘ಟ್ರಿಪಲ್ ಎ’ ಮುದ್ರೆ ಒತ್ತಿತು. ದಿನಕ್ಕೆ ಮೂವತ್ತು! ನಾನು ಒಂದು ದಿನಕ್ಕೆ ಮೂರು ಬೆಳೆ ಸಾಲದ ಅರ್ಜಿ ಸರಿಯಾಗಿ ಓದಿದ್ದರೆ ಹೆಚ್ಚು. ಆ ವರ್ಷ ಮುದ್ರೆ ಬಿದ್ದವುಗಳಲ್ಲಿ ಶೇ 83ರಷ್ಟನ್ನು ಆಮೇಲೆ ಕೆಳದರ್ಜೆಗೆ ಇಳಿಸಬೇಕಾಯಿತು.

ಈ ಸರಪಳಿಯಲ್ಲಿ ಯಾರ ಕೈಯಲ್ಲಿ ಏನು ಉಳಿಯಿತು ನೋಡಿ. ಬ್ರೋಕರಿಗೆ ಕಮಿಷನ್, ಕಂಪನಿಗೆ ಲಾಭ, ಬ್ಯಾಂಕಿನವನಿಗೆ ಬೋನಸ್, ರೇಟಿಂಗಿನವರಿಗೆ ಫೀಸು. ಎಲ್ಲ ಆಯಾ ವರ್ಷವೇ ಕೈಗೆ ಬಂತು. ಸಾಲ ಕೆಡುವುದು ಮೂರನೆಯ ವರ್ಷ. ಅಷ್ಟರಲ್ಲಿ ಎಲ್ಲರೂ ಕೈ ತೊಳೆದುಕೊಂಡಿದ್ದರು. ಹಳ್ಳಿ ಶಾಖೆಯಲ್ಲಿ ಸಾಲ ಕೊಟ್ಟವನು ಸಂತೆಯಲ್ಲಿ ಸಾಲಗಾರನ ಎದುರಿಗೇ ಬರುತ್ತಾನೆ. ಅವನ ಹೊಲದ ಮುಂದೆಯೇ ಬಸ್ಸಿಗೆ ಕಾಯುತ್ತಾನೆ. ಹಾಗಂತ ನಾವೆಲ್ಲ ಬಹಳ ಪ್ರಾಮಾಣಿಕರು ಅಂತಲ್ಲ. ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ, ಅಷ್ಟೇ.

ಹೊಣೆ ಯಾರದು ಅನ್ನುವ ಪ್ರಶ್ನೆ ಬಂದಾಗ ಬೆರಳು ಮೊದಲು ಆ ಸ್ಟಾಕ್‌ಟನ್ನಿನ ಹೆಂಗಸಿನ ಕಡೆಗೇ ಹೋಯಿತು. 2009ರ ಫೆಬ್ರವರಿಯಲ್ಲಿ ಮನೆ ಕಳೆದುಕೊಳ್ಳುವವರಿಗೆ ಸ್ವಲ್ಪ ಸಹಾಯ ಮಾಡೋಣ ಅಂತ ಸರ್ಕಾರ ಹೇಳಿತು. ಷಿಕಾಗೋದ ವಾಯಿದಾ ಪೇಟೆಯ ಕಟ್ಟೆಯಲ್ಲಿ ನಿಂತು ಒಬ್ಬ ಟೀವಿ ವರದಿಗಾರ ಕೂಗಾಡಿದ. ಕೈಲಾಗದವರ ಸಾಲವನ್ನು ನಾವ್ಯಾಕೆ ತೀರಿಸಬೇಕು ಅನ್ನುವುದು ಅವನ ಸಿಟ್ಟು. ಸುತ್ತ ನಿಂತ ವ್ಯಾಪಾರಿಗಳು ಶಿಳ್ಳೆ ಹೊಡೆದರು. ಅದರ ಮರುತಿಂಗಳೇ, ಜನರ ದುಡ್ಡಿನಲ್ಲಿ ಉಸಿರು ಹಿಡಿದಿದ್ದ ಎಐಜಿ ತನ್ನ ನೌಕರರಿಗೆ 16.5 ಕೋಟಿ ಡಾಲರ್ ಬೋನಸ್ ಕೊಟ್ಟ ಸುದ್ದಿ ಬಂತು. ಕಂಪನಿಯನ್ನು ಮುಳುಗಿಸಿದ ವಿಭಾಗದವರಿಗೇ! ಕೊಡದಿದ್ದರೆ ಕರಾರು ಮುರಿದ ಹಾಗಾಗುತ್ತದೆ ಅಂತ ಸಮಜಾಯಿಷಿ. ಅವರ ಕರಾರು ಕರಾರು, ಇವಳದು ಕೈಲಾಗದತನ.

ಸಾಲ ತೆಗೆದುಕೊಂಡವಳ ತಪ್ಪು ಏನೂ ಇಲ್ಲವಾ? ಇರಬಹುದು. ಓದದೆ ಸಹಿ ಹಾಕಿದ್ದಳು. ಕೆಲವರು ಆಸೆಪಟ್ಟು ಎರಡನೆಯ, ಮೂರನೆಯ ಮನೆಗೂ ಸಾಲ ತೆಗೆದಿದ್ದರು. ಆದರೆ ಹೊಣೆ ತೂಗುವಾಗ ನಾನು ಎರಡು ಮಾತು ಕೇಳುತ್ತೇನೆ. ‘ಬೇಡ’ ಅನ್ನುವ ಅಧಿಕಾರ ಯಾರಿಗಿತ್ತು? ‘ಹೂಂ’ ಅಂದದ್ದಕ್ಕೆ ಯಾರಿಗೆ ದುಡ್ಡು ಬಂತು? ಅಮೆರಿಕದ ಕೇಂದ್ರ ಬ್ಯಾಂಕಿಗೆ ಮೋಸದ ಮನೆ ಸಾಲಗಳನ್ನು ತಡೆಯುವ ಅಧಿಕಾರ 1994ರ ಕಾನೂನಿನಿಂದಲೇ ಸಿಕ್ಕಿತ್ತು. ಅದು ಬಿಗಿಯಾದ ನಿಯಮ ಹೊರಡಿಸಿದ್ದು 2008ರಲ್ಲಿ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹದಿನೆಂಟು ವರ್ಷ ಅದರ ಗದ್ದುಗೆಯಲ್ಲಿದ್ದ ಅಲನ್ ಗ್ರೀನ್‌ಸ್ಪಾನ್ 2008ರ ಅಕ್ಟೋಬರ್‌ನಲ್ಲಿ ಸಂಸದರ ಮುಂದೆ ಕೂತು, ಬ್ಯಾಂಕುಗಳು ತಮ್ಮ ಹಿತ ತಾವೇ ಕಾಯ್ದುಕೊಳ್ಳುತ್ತವೆ ಅಂತ ನಂಬಿದ್ದೆ, ಆ ನಂಬಿಕೆಯಲ್ಲಿ ದೋಷ ಕಂಡಿದೆ ಅಂತ ಒಪ್ಪಿಕೊಂಡರು. ಒಪ್ಪಿಕೊಂಡು ಮನೆಗೆ ಹೋದರು. ನಂದು ಒಂದು ತಾರೀಖು, ನೆನಪಿರಲಿ.

ಮೊದಲೇ ಹೇಳಿದವರೂ ಇದ್ದರು. 2005ರಲ್ಲಿ ಜಾಕ್ಸನ್ ಹೋಲ್ ಅನ್ನುವಲ್ಲಿ ಗ್ರೀನ್‌ಸ್ಪಾನ್ ಅವರಿಗೆ ಬೀಳ್ಕೊಡುಗೆಯ ಹಾಗೆ ಒಂದು ಸಮ್ಮೇಳನ ನಡೆಯಿತು. ಹೊಗಳಿಕೆಯ ಸಭೆ. ಅಲ್ಲಿ ನಮ್ಮ ರಘುರಾಮ್ ರಾಜನ್ ಎದ್ದು, ಸಂಬಳ, ಬೋನಸಿನ ಈ ಪದ್ಧತಿ ಬ್ಯಾಂಕಿನವರು ಕಣ್ಣಿಗೆ ಕಾಣದ ಅಪಾಯಕ್ಕೆ ಕೈ ಹಾಕುವ ಹಾಗೆ ಮಾಡುತ್ತಿದೆ ಅಂದರು. ಅಮೆರಿಕದ ಖಜಾನೆ ಮಂತ್ರಿಯಾಗಿದ್ದ ಲ್ಯಾರಿ ಸಮ್ಮರ್ಸ್ ಅಂಥ ದೊಡ್ಡ ಮನುಷ್ಯರು ಇದು ಯಂತ್ರ ಕಂಡರೆ ಹೆದರುವವರ ವಾದ ಅನ್ನುವ ಹಾಗೆ ತಳ್ಳಿಹಾಕಿದರು. ಆಮೇಲೆ ರಾಜನ್ ನಮ್ಮ ರಿಸರ್ವ್ ಬ್ಯಾಂಕಿನ ಗವರ್ನರ್ ಆದದ್ದು ನಿಮಗೆ ಗೊತ್ತೇ ಇದೆ.

ಅಸಮಾನತೆ ಬರುವುದು ಇಲ್ಲೇ. ರಾಜನ್ ಆಮೇಲೆ ಇನ್ನೊಂದು ವಾದ ಮುಂದಿಟ್ಟರು. ನನ್ನ ಮಾತಿನಲ್ಲಿ ಹೇಳುವುದಾದರೆ, ಅಮೆರಿಕದಲ್ಲಿ ಸಾಮಾನ್ಯ ಕೆಲಸಗಾರನ ಕೂಲಿ ಮೂವತ್ತು ವರ್ಷ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಮೇಲಿನವರ ಗಳಿಕೆ ಮಾತ್ರ ಏರುತ್ತಿತ್ತು. ಕೂಲಿ ಏರಿಸುವುದು ಕಷ್ಟದ ಕೆಲಸ. ಅದಕ್ಕೆ ರಾಜಕೀಯದವರು ಸುಲಭದ ದಾರಿ ಹಿಡಿದರು: ಸಾಲ ಸಿಗುವ ಹಾಗೆ ಮಾಡಿದರು. ಸಂಬಳ ಕೊಡಲಾರದ ಕಡೆ ಸಾಲ ಕೊಟ್ಟರು. ಈ ವಾದವನ್ನು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಹಳ್ಳಿಯಲ್ಲಿ ಕೆಲಸ ಮಾಡಿದ ನನಗೆ ಒಪ್ಪಿಗೆಯಾಗುತ್ತದೆ. ಕೂಲಿ ಸಾಲದ ಮನೆಗೇ ಸಾಲ ಹುಡುಕಿಕೊಂಡು ಬರುತ್ತದೆ.

ಅಸಮಾನತೆಯಿಂದ ಹುಟ್ಟಿದ ಬಿಕ್ಕಟ್ಟು ಅಸಮಾನತೆಯನ್ನೇ ಇನ್ನೂ ಹೆಚ್ಚಿಸಿತು. 2007ರಿಂದ 2010ರ ಮೂರು ವರ್ಷದಲ್ಲಿ ಅಮೆರಿಕದ ನಡುಮಧ್ಯದ ಕುಟುಂಬದ ಆಸ್ತಿ 1,26,400 ಡಾಲರಿನಿಂದ 77,300ಕ್ಕೆ ಇಳಿಯಿತು. ಮಧ್ಯಮ ವರ್ಗದವರಿಗೆ ಇರುವ ಆಸ್ತಿ ಅಂದರೆ ಮನೆಯೇ, ಅದರ ಬೆಲೆಯೇ ಬಿತ್ತು. ಉಳ್ಳವರ ಷೇರು ಬಿದ್ದರೂ ಬೇಗ ಎದ್ದಿತು. ಚೇತರಿಕೆಯ ಮೊದಲ ಮೂರು ವರ್ಷ, 2009ರಿಂದ 2012ರವರೆಗೆ, ಹೆಚ್ಚಿದ ಆದಾಯದಲ್ಲಿ ಶೇ 95ರಷ್ಟು ಮೇಲಿನ ಶೇ 1 ಜನಕ್ಕೆ ಹೋಯಿತು ಅಂತ ಅರ್ಥಶಾಸ್ತ್ರಜ್ಞ ಇಮ್ಯಾನುಯೆಲ್ ಸಾಯೆಜ್ ಲೆಕ್ಕ ಹಾಕಿದರು. ‘ನಾವು ಶೇ 99’ ಅಂತ 2011ರಲ್ಲಿ ಜನ ವಾಲ್‌ಸ್ಟ್ರೀಟಿನ ಪಕ್ಕದ ಪಾರ್ಕಿನಲ್ಲಿ ಕೂತದ್ದು ಸುಮ್ನೆ ಅಲ್ಲ. ಸಾಲದಲ್ಲೂ ಬಣ್ಣ ನೋಡಿದ್ದರು. ಕಂಟ್ರಿವೈಡ್ ಅನ್ನುವ ದೊಡ್ಡ ಸಾಲ ಕಂಪನಿ ಎರಡು ಲಕ್ಷಕ್ಕೂ ಹೆಚ್ಚು ಕಪ್ಪು ಮತ್ತು ಹಿಸ್ಪಾನಿಕ್ ಸಾಲಗಾರರಿಂದ, ಅಂಥದೇ ಅರ್ಹತೆಯ ಬಿಳಿಯರಿಗಿಂತ ಹೆಚ್ಚು ವಸೂಲಿ ಮಾಡಿತ್ತು ಅನ್ನುವುದು ಸರ್ಕಾರದ ಆರೋಪ. 2011ರಲ್ಲಿ 33.5 ಕೋಟಿ ಡಾಲರಿಗೆ ರಾಜಿ ಆಯಿತು. ದುಡ್ಡು ಕೊಟ್ಟದ್ದು ಆ ಕಂಪನಿಯನ್ನು ಕೊಂಡಿದ್ದ ಬ್ಯಾಂಕು.

ಶಿಕ್ಷೆ? ಬಿಕ್ಕಟ್ಟಿನ ವಿಷಯದಲ್ಲಿ ಜೈಲು ಕಂಡ ವಾಲ್‌ಸ್ಟ್ರೀಟ್ ಅಧಿಕಾರಿ ಅಂತ ಜನ ಹೇಳುವುದು ಒಂದೇ ಹೆಸರು: ಕ್ರೆಡಿಟ್ ಸ್ವಿಸ್ ಬ್ಯಾಂಕಿನ ಕರೀಂ ಸೆರಗೆಲ್ದಿನ್. ಮೂವತ್ತು ತಿಂಗಳು. ದಂಡ ಮಾತ್ರ ಬಹಳ ಬಿತ್ತು. ಜೆಪಿ ಮಾರ್ಗನ್ 2013ರಲ್ಲಿ 1,300 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಅದು ಹೋದದ್ದು ಷೇರುದಾರರ ಗಂಟಿನಿಂದ. ಯಾರ ಮೇಜಿನ ಮೇಲೆ ಆ ಪತ್ರಗಳಿಗೆ ಸಹಿ ಬಿದ್ದಿತ್ತೋ ಅವರ ಗಂಟಿನಿಂದಲ್ಲ.

‘ದೊಡ್ಡ ವ್ಯವಹಾರ ಸಾರ್, ಯಾರದು ತಪ್ಪು ಅಂತ ಹುಡುಕೋಕೆ ಆಗಲ್ಲ’ ಅಂತ ನನ್ನ ಸಹೋದ್ಯೋಗಿಗಳೇ ಹೇಳುತ್ತಿದ್ದರು. ಅವರಿಗೆ ನಾನು ಐಸ್‌ಲ್ಯಾಂಡಿನ ಕಥೆ ಹೇಳುತ್ತಿದ್ದೆ. ಆಗಿನ ಜನಸಂಖ್ಯೆ ಸುಮಾರು 3.2 ಲಕ್ಷ. ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಜನ. ಮೀನು ಹಿಡಿದು ಬದುಕುತ್ತಿದ್ದ ನಾಡು. ಅಲ್ಲಿನ ಮೂರು ಬ್ಯಾಂಕುಗಳು ಖಾಸಗಿಯವರ ಕೈಗೆ ಹೋದ ಮೇಲೆ ಐದಾರು ವರ್ಷದಲ್ಲಿ ಊದಿಕೊಂಡು, ದೇಶದ ಇಡೀ ವರ್ಷದ ಉತ್ಪನ್ನದ ಒಂಬತ್ತು ಹತ್ತು ಪಟ್ಟು ಆಗಿದ್ದವು. 2008ರ ಅಕ್ಟೋಬರಿನ ಒಂದೇ ವಾರದಲ್ಲಿ ಮೂರೂ ಬಿದ್ದವು. ಜನ ಅಡುಗೆಮನೆಯ ಪಾತ್ರೆ, ಸೌಟು ಹಿಡಿದು ಸಂಸತ್ತಿನ ಮುಂದೆ ಬಡಿದರು. 2009ರ ಜನವರಿಯಲ್ಲಿ ಸರ್ಕಾರ ಬಿತ್ತು.

ಪಾತ್ರೆ ಬಡಿಯುವುದು ಎಲ್ಲಾ ಕಡೆ ನಡೆಯುತ್ತದೆ. ಆಮೇಲೆ ಆದದ್ದು ವಿಶೇಷ. ಸಂಸತ್ತು ಮೂರು ಜನರ ತನಿಖಾ ಆಯೋಗ ಮಾಡಿತು. ಒಬ್ಬರು ಸುಪ್ರೀಂ ಕೋರ್ಟ್ ನ್ಯಾಯಾಧೀಶರು, ಒಬ್ಬರು ಸಂಸತ್ತಿನ ಲೋಕಪಾಲರು, ಒಬ್ಬರು ಅರ್ಥಶಾಸ್ತ್ರಜ್ಞೆ. 2010ರ ಏಪ್ರಿಲ್ 12ಕ್ಕೆ ವರದಿ ಬಂತು. ಒಂಬತ್ತು ಸಂಪುಟ, ಎರಡು ಸಾವಿರಕ್ಕೂ ಹೆಚ್ಚು ಪುಟ. ಪ್ರಧಾನಿ, ಮಂತ್ರಿಗಳು, ಕೇಂದ್ರ ಬ್ಯಾಂಕಿನ ಗವರ್ನರ್‌ಗಳು, ಮೇಲ್ವಿಚಾರಣೆ ಸಂಸ್ಥೆಯ ಮುಖ್ಯಸ್ಥ, ಒಟ್ಟು ಏಳು ಮಂದಿ ಕರ್ತವ್ಯದಲ್ಲಿ ತೀರಾ ಅಸಡ್ಡೆ ತೋರಿದ್ದಾರೆ ಅಂತ ಹೆಸರು ಹಿಡಿದು ಬರೆಯಿತು. ರೇಕ್ಯಾವಿಕ್ ನಗರದ ರಂಗಮಂದಿರದಲ್ಲಿ ನಟನಟಿಯರು ಆ ವರದಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಹಗಲೂ ರಾತ್ರಿ, ದಿನಗಟ್ಟಲೆ. ನಮ್ಮಲ್ಲಿ ಗಮಕಿಗಳು ಭಾರತ ವಾಚನ ಮಾಡುತ್ತಾರಲ್ಲ, ಹಾಗೆ ಆಡಿಟ್ ವರದಿಯ ವಾಚನ! ನನಗೆ ಈ ಸಂಗತಿ ತುಂಬಾ ಇಷ್ಟ.

ವಿಶೇಷ ಪ್ರಾಸಿಕ್ಯೂಟರ್ ಹುದ್ದೆಗೆ ಜಾಹೀರಾತು ಕೊಟ್ಟರೆ ಮೊದಲ ಸಲ ಒಬ್ಬರೂ ಅರ್ಜಿ ಹಾಕಲಿಲ್ಲ. ಸಣ್ಣ ದೇಶ, ಎಲ್ಲರೂ ಎಲ್ಲರಿಗೂ ನೆಂಟರು. ಕೊನೆಗೆ ಅಕ್ರಾನೆಸ್ ಅನ್ನುವ ಪುಟ್ಟ ಊರಿನ ಪೊಲೀಸ್ ಅಧಿಕಾರಿ ಓಲಾಫುರ್ ಹೌಕ್ಸನ್ ಒಪ್ಪಿಕೊಂಡರು. ಬ್ಯಾಂಕು ವ್ಯವಹಾರ ಅವರಿಗೆ ಹೊಸದು. ಕಲಿತರು. ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಯಿತು. ಅತಿ ದೊಡ್ಡ ಮೊಕದ್ದಮೆ ಕೌಪ್ತಿಂಗ್ ಬ್ಯಾಂಕಿನದು. ಬ್ಯಾಂಕು ಬೀಳುವ ಕೆಲವೇ ವಾರಗಳ ಮುಂಚೆ ಕತಾರಿನ ಒಬ್ಬ ಶೇಖ್ ಅದರ ಶೇ 5ರಷ್ಟು ಷೇರು ಕೊಂಡರು ಅಂತ ಡಂಗುರ ಸಾರಿದ್ದರು. ನೋಡಿ, ಹೊರಗಿನವರಿಗೂ ನಮ್ಮ ಮೇಲೆ ನಂಬಿಕೆ ಅಂತ. ಕೊಂಡ ದುಡ್ಡು ಎಲ್ಲಿಂದ ಬಂತು? ಅದೇ ಬ್ಯಾಂಕು ಕೊಟ್ಟ ಸಾಲ! 2015ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬ್ಯಾಂಕಿನ ಮುಖ್ಯಸ್ಥನಿಗೆ ಐದೂವರೆ ವರ್ಷದ ಶಿಕ್ಷೆ ಖಾಯಂ ಮಾಡಿತು.

ಐಸ್‌ಲ್ಯಾಂಡನ್ನು ರಾಮರಾಜ್ಯ ಮಾಡುವುದು ಬೇಡ. ಪ್ರಧಾನಿಯಾಗಿದ್ದ ಗೇರ್ ಹಾರ್ಡೆ ಒಬ್ಬರನ್ನೇ ಕಟಕಟೆಗೆ ಕಳಿಸಿ, ಉಳಿದ ಮಂತ್ರಿಗಳನ್ನು ಸಂಸತ್ತು ಮತ ಹಾಕಿ ಬಿಟ್ಟುಬಿಟ್ಟಿತು. ಹಾರ್ಡೆಗೂ 2012ರಲ್ಲಿ ನಾಲ್ಕರಲ್ಲಿ ಒಂದೇ ಆರೋಪ ಸಾಬೀತಾಗಿ, ಶಿಕ್ಷೆ ಏನೂ ಆಗಲಿಲ್ಲ. ಕ್ರೋನಾ ನಾಣ್ಯದ ಬೆಲೆ ಕುಸಿದು, ವಿದೇಶಿ ಹಣದ ಲೆಕ್ಕದಲ್ಲಿ ಕಾರು, ಮನೆಗೆ ಸಾಲ ತೆಗೆದವರ ಕಂತು ದುಪ್ಪಟ್ಟಾಯಿತು. ಬ್ಯಾಂಕರು ಜೈಲಿಗೆ ಹೋದರೆ ಕಂತು ಇಳಿಯುವುದಿಲ್ಲ. ಆದರೂ ಒಂದು ಕೆಲಸ ಆಯಿತು. ಯಾರು, ಯಾವತ್ತು, ಯಾವ ಕೋಣೆಯಲ್ಲಿ ಏನು ತೀರ್ಮಾನ ಮಾಡಿದರು ಅನ್ನುವುದು ಬರಹದಲ್ಲಿ ಬಂತು. ಅಲ್ಲಿನ ಮಕ್ಕಳು ಇನ್ನು ಐವತ್ತು ವರ್ಷ ಬಿಟ್ಟು ಓದಬಹುದು.

ಈಗ ನಮ್ಮೂರಿಗೆ ಬರುತ್ತೇನೆ. 2025ರ ಜನವರಿಯ ಪತ್ರಿಕೆಗಳನ್ನು ನೆನಪು ಮಾಡಿಕೊಳ್ಳಿ. ಮೈಕ್ರೋಫೈನಾನ್ಸ್ ಕಂತಿಗೆ ಹೆದರಿ ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ. ಜೀವ ಕಳೆದುಕೊಂಡವರ ಸುದ್ದಿ. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಂದು ಸಲ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದರು. ಸಾಲ ವಸೂಲಿಗೆ ಬೆದರಿಕೆ ಹಾಕಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.

ಬೇಕಿತ್ತು, ಒಪ್ಪುತ್ತೇನೆ. ಆದರೆ ಇದರಲ್ಲಿ ಸಿಕ್ಕಿಬೀಳುವವನು ಯಾರು? ಬೈಕಿನಲ್ಲಿ ಬಂದು ಬಾಗಿಲ ಮುಂದೆ ಕೂರುವ ಹುಡುಗ. ಪಕ್ಕದ ಹಳ್ಳಿಯವನು, ಪಿಯುಸಿ ಓದಿದವನು, ಟಾರ್ಗೆಟ್ ಮುಟ್ಟದಿದ್ದರೆ ಅವನ ಸಂಬಳಕ್ಕೇ ಕತ್ತರಿ. ಒಂದೇ ಮನೆಗೆ ಐದು ಕಂಪನಿ ಸಾಲ ಕೊಡಲಿ ಅಂತ ತೀರ್ಮಾನ ಮಾಡಿದವರು ಆ ಬೈಕಿನ ಮೇಲೆ ಇರುವುದಿಲ್ಲ.

ನಮ್ಮ ಸಂಘದ ಸಾಲದಲ್ಲಿ ಗುಂಪು ಜಾಮೀನು ಅಂತ ಇದೆ. ಹೆಂಗಸರಿಗೆ ವಿವರಿಸಬೇಕಿಲ್ಲ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಅಲ್ವಾ? ಕಟ್ಟುವವರೆಗೂ ಮೀಟಿಂಗ್ ಮುಗಿಯುವುದಿಲ್ಲ. ವಾಲ್‌ಸ್ಟ್ರೀಟಿನಲ್ಲೂ ಗುಂಪೇ. ಅಲ್ಲಿ ಬೋನಸ್ ಒಬ್ಬೊಬ್ಬರ ಹೆಸರಿಗೆ, ತಪ್ಪು ಮಾತ್ರ ಗುಂಪಿನ ಹೆಸರಿಗೆ. ಅದಕ್ಕೆ ಜಾಮೀನು ಹಾಕಿದವರು ತೆರಿಗೆ ಕಟ್ಟುವ ಜನ, ಅವರನ್ನು ಕೇಳದೆಯೇ.

ಇಷ್ಟು ಹೇಳಿ ಮುಗಿಸಿದ್ದೆ. ಪ್ರಶ್ನೆ ಕೇಳಿ ಅಂದಾಗ ಒಬ್ಬ ಹುಡುಗ ಎದ್ದು, ‘ಮಲ್ಯ ಬಗ್ಗೆ ಏನೂ ಹೇಳಲಿಲ್ಲ ಸಾರ್’ ಅಂದ. ಎಲ್ಲರೂ ನಕ್ಕರು. 2016ರ ಮಾರ್ಚ್‌ನಲ್ಲಿ ವಿಮಾನ ಹತ್ತಿದವರ ಬಗ್ಗೆ ಹೇಳುವುದು ಸುಲಭ. ಒಬ್ಬನ ಮುಖ ಸಿಕ್ಕಿದರೆ ಬೈಯಲೂ ಸುಲಭ. ಆದರೆ ಸಾಲ ತಾನಾಗಿಯೇ ಮಂಜೂರಾಗುವುದಿಲ್ಲ. ಒಂದು ಸಮಿತಿ ಕೂರುತ್ತದೆ, ನಡಾವಳಿ ಬರೆಯುತ್ತದೆ, ಸಹಿ ಹಾಕುತ್ತದೆ. ಆ ನಡಾವಳಿಯನ್ನೂ ಕೇಳಬೇಕು ಅಂದೆ. ಹುಡುಗನಿಗೆ ಅಷ್ಟು ಸಮಾಧಾನ ಆದಂತೆ ಕಾಣಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ‘ನಮ್ಮ ಗುಂಪಿನಲ್ಲಿ ಒಬ್ಬಳು ಊರು ಬಿಟ್ಟಿದ್ದಾಳೆ ಸಾರ್. ಅವಳ ಕಂತು ನಾವು ನಾಲ್ಕು ಜನ ಕಟ್ಟುತ್ತಿದ್ದೇವೆ. ನನ್ನದೇ ಮೂರು ಕಡೆ ಇದೆ. ಎಲ್ಲಾ ಸೇರಿ ತಿಂಗಳಿಗೆ ಹನ್ನೊಂದೂವರೆ ಸಾವಿರ. ನಾನು ಯಾರನ್ನು ಕೇಳಲಿ?’

ನನಗೆ ಗೊತ್ತಿದ್ದಷ್ಟು ಹೇಳಿದೆ. ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಮನೆಯ ಎಲ್ಲಾ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಆ ಲೆಕ್ಕ ಹಾಕಬೇಕಾದವರು ಸಾಲ ಕೊಡುವವರು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ. ‘ನಿಮ್ಮ ಅರ್ಜಿಯಲ್ಲಿ ಮನೆ ಆದಾಯ ಎಷ್ಟು ಅಂತ ಬರೆದಿದೆ, ಅದರ ಜೆರಾಕ್ಸ್ ಕೇಳಿ ತನ್ನಿ’ ಅಂದೆ.

ಹದಿನೈದು ದಿನ ಬಿಟ್ಟು ಮನೆಗೇ ಬಂದರು. ಕೇಳಿದಾಗ ಮೊದಲು ಕೊಡಲಿಲ್ಲವಂತೆ, ಆಮೇಲೆ ಕೊಟ್ಟರಂತೆ. ಮೂರನೆಯ ಸಾಲದ ಅರ್ಜಿ ಅದು. ಅವರ ಮನೆಯಲ್ಲಿ ದುಡಿಯುವವರು ಇಬ್ಬರು. ಅವರದು ಹೂ ಕಟ್ಟುವ ಕೆಲಸ, ಗಂಡನದು ಗಾರೆ ಕೆಲಸ. ಒಳ್ಳೆಯ ತಿಂಗಳಲ್ಲಿ ಹದಿನಾಲ್ಕು ಸಾವಿರ ಬಂದರೆ ಹೆಚ್ಚು. ಅರ್ಜಿಯ ಆದಾಯದ ಖಾನೆಯಲ್ಲಿ ನೀಲಿ ಇಂಕಿನಲ್ಲಿ 24,000 ಅಂತಿತ್ತು. ಅರ್ಧ ಮಾಡಿದರೆ ಹನ್ನೆರಡು. ಕಂತು ಹನ್ನೊಂದೂವರೆ. ಲೆಕ್ಕ ಸರಿಯಾಗಿ ಕೂತಿತ್ತು.

‘ಇದು ನನ್ನ ಅಕ್ಷರ ಅಲ್ಲ ಸಾರ್’ ಅಂದರು. ಕೆಳಗಿದ್ದ ಸಹಿ ಅವರದೇ. ತಾರೀಖು ಹಾಕುವ ಜಾಗ ಖಾಲಿ ಇತ್ತು.